ಮೂರು ಕೈ ತಾಗಿದ ಗಂಟೆ

ಬಹಳ ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಕಿವಿ ಇದ್ದ ಕಾಲದಲ್ಲಿ, ಕಾಡಿನ ಪ್ರಾಣಿಗಳು ಮನುಷ್ಯರೊಡನೆ ಮಾತು ಬಿಟ್ಟಿರದ ಕಾಲದಲ್ಲಿ, ಹೊಂಬೆಟ್ಟವೆಂಬ ರಾಜ್ಯವಿತ್ತು. ಆ ರಾಜ್ಯದಿಂದ ಮೂಡಲ ನಾಡಿಗೆ ಹೋಗಲು ಇದ್ದದ್ದು ಒಂದೇ ದಾರಿ. ಆ ದಾರಿ ಏರಿ ಏರಿ, ಮುಗಿಲಕಣಿವೆಯನ್ನು ದಾಟಿ, ಆಚೆಗೆ ಇಳಿಯುತ್ತಿತ್ತು. ಕಣಿವೆಯ ನೆತ್ತಿಯಲ್ಲಿ ಹಾದಿಲಿಂಗಪ್ಪನ ಗುಡಿ. ದಾರಿಹೋಕರ ದೇವರು ಅವನು. ಆದ್ದರಿಂದ ಅವನ ಗುಡಿಗೆ ಗೋಡೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ನಾಲ್ಕು ಕಂಬ, ಮೇಲೊಂದು ಚಪ್ಪಡಿ, ಚಪ್ಪಡಿಗೆ ತೂಗುಬಿಟ್ಟ ಒಂದು ಕಂಚಿನ ಗಂಟೆ. ಮಂಜು ಕವಿದಾಗ ಯಾರೂ ಬಾರಿಸದೆಯೇ ಆ ಗಂಟೆ ಮೊಳಗುತ್ತಿತ್ತು. ದಾರಿ ತಪ್ಪಿದವರು ಆ ದನಿಯನ್ನು ಹಿಡಿದು ಬರುತ್ತಿದ್ದರು. ದೇವರೇ ಕರೆಯುವಾಗ ಯಾರು ತಾನೇ ದಾರಿ ತಪ್ಪಿಯಾರು?

ಆ ದಾರಿಗೊಂದು ರೂಢಿಯಿತ್ತು. ತಲೆಯ ಮೇಲಿನ ಹೊರೆಯನ್ನು ಇಳಿಸುವುದು ಒಬ್ಬರಿಂದಾದೀತು, ಮತ್ತೆ ಎತ್ತಿ ತಲೆಗೇರಿಸಿಕೊಳ್ಳುವುದು ಒಬ್ಬರಿಂದಾಗದು. ಆದ್ದರಿಂದ ಹೊರೆ ಇಳಿಸಿ ಕೂತವರು ‘ಒಂದು ಕೈ ಹಚ್ಚಿರಿ’ ಎಂದರೆ ಎದುರಿಗೆ ಬಂದವರು ಯಾವ ಊರು, ಯಾವ ಕುಲ ಎಂದು ಕೇಳದೆ ನಿಲ್ಲಬೇಕು. ಹೊರೆಗೆ ಕೈ ಹಚ್ಚಿ, ಹೂವಿನಷ್ಟು ಹಗುರಾಗಲಿ ಎಂದು, ‘ಹೂವಾಗಲಿ’ ಅನ್ನಬೇಕು. ಹೊತ್ತವರು ‘ನಿಮ್ಮದೂ ಹೂವಾಗಲಿ’ ಅನ್ನಬೇಕು. ಅಷ್ಟೇ. ಆಮೇಲೆ ಅವರ ದಾರಿ ಅವರಿಗೆ, ಇವರ ದಾರಿ ಇವರಿಗೆ.

ಹೀಗಿರುತ್ತ ಒಂದು ಯುಗಾದಿಯ ಮಾರನೆಯ ದಿನ ಗಂಟೆಯ ಸರಪಳಿ ಕಡಿದು, ಗಂಟೆ ಕೆಳಗಿನ ಕೊರಕಲಿಗೆ ಉರುಳಿ ಕಾಣೆಯಾಯಿತು. ಆ ಕಣಿವೆಯ ಗವಿಯೊಂದರಲ್ಲಿ ಶಿಲಾಂಜನನೆಂಬ ಮಾಂತ್ರಿಕನಿದ್ದ. ಗಂಟೆ ಮೊಳಗುವಷ್ಟು ದಿನವೂ ಅವನ ಮಂತ್ರ ಅವನ ನಾಲಿಗೆಯ ಮೇಲೇ ಒಣಗುತ್ತಿತ್ತು. ಈಗ ಆ ಮಂತ್ರ ನೆಲಕ್ಕಿಳಿಯಿತು. ಕಣಿವೆಯಲ್ಲಿ ಹೊರೆ ಇಳಿಸಿದವರ ಹೊರೆ ನೆಲಕ್ಕಂಟಿಕೊಂಡಿತು. ಎತ್ತುವವರಿಲ್ಲದೆ ಕಾಯುತ್ತ ನಿಂತವರು ಪಾದದಿಂದ ಮೇಲಕ್ಕೆ ಕಲ್ಲಾದರು. ಅದನ್ನು ಕಂಡವರು ಹೆದರಿ, ಯಾರು ಕರೆದರೂ ನಿಲ್ಲದೆ ಓಡತೊಡಗಿದರು. ಬರಬರುತ್ತ ಕಣಿವೆಯಲ್ಲಷ್ಟೇ ಅಲ್ಲ, ದಾರಿಯುದ್ದಕ್ಕೂ ಯಾರಿಗೂ ಯಾರೂ ಕೈ ಹಚ್ಚದಂತಾಯಿತು. ಮಾಂತ್ರಿಕನಿಗೆ ಬೇಕಾಗಿದ್ದದ್ದೂ ಅದೇ.

ಹೊಂಬೆಟ್ಟದಲ್ಲಿ ಮೌನಾಚಾರಿ ಎಂಬ ಕಂಚುಗಾರನಿದ್ದ. ಅವನಿಗೆ ಮಾನಪ್ಪನೆಂಬ ಮಗ, ಕಾಳವ್ವ ಎಂಬ ಮಗಳು. ಮೌನಾಚಾರಿ ಹಾದಿಲಿಂಗಪ್ಪನಿಗೆ ಹೊಸ ಗಂಟೆ ಎರೆದ. ಆದರೇನು, ಬಡಿದರೆ ಹಸಿ ಮಡಕೆ ಬಡಿದ ಹಾಗೆ ‘ಟಪ್’ ಎಂದಿತು. “ಇರಲಿ ಬಿಡಪ್ಪ, ದೇವರ ಮುಂದ ತೂಗಿಬಿಟ್ಟರ ದನಿ ಬರತೈತಿ” ಎಂದ ಮಾನಪ್ಪ. ಮಾನಪ್ಪ ಗಟ್ಟಿಗ. ನಾಲ್ಕು ಜನ ಎತ್ತುವುದನ್ನು ಒಬ್ಬನೇ ಎತ್ತುವವನು. ನೆರೆಯವರು ಗಂಟೆಗೆ ಕೈ ಹಚ್ಚಲು ಬಂದರೆ “ನಾ ಏನು ಮುದುಕ ಆಗೇನೇನು? ಸರೀರಿ ಅತ್ತಾಗ” ಎಂದು ನಕ್ಕು, ತಾನೇ ಮಂಡಿಗೇರಿಸಿ, ತಾನೇ ತಲೆಗೇರಿಸಿ ಹೊರಟುಹೋದ.

ದೀಪಾವಳಿ ಬಂತು, ಸಂಕ್ರಾಂತಿ ಬಂತು, ಮಾನಪ್ಪ ಬರಲಿಲ್ಲ. ಕುರಿ ಕಾಯುವವನೊಬ್ಬ ದೂರದಿಂದ ನೋಡಿ ಬಂದು ಸುದ್ದಿ ಹೇಳಿದ: ಮಾನಪ್ಪ ಕಣಿವೆಯಲ್ಲಿ ಕಲ್ಲಾಗಿ ನಿಂತಿದ್ದಾನೆ.

ಮೌನಾಚಾರಿ ಮನೆಯ ಚೆಂಬು, ಪರಾತ, ಹೆಂಡತಿಯ ತವರಿನ ಕೊಡ ಎಲ್ಲವನ್ನೂ ಕರಗಿಸಿ ಇನ್ನೊಂದು ಗಂಟೆ ಎರೆದ. ಅದೂ ‘ಟಪ್’ ಎಂದಿತು. ಅವನು ಸುತ್ತಿಗೆ ಕೆಳಗಿಟ್ಟು, ಆರಿದ ಕುಲುಮೆಯ ಮುಂದೆ ತಲೆಗೆ ಕೈಹೊತ್ತು ಕೂತ.

ಯುಗಾದಿಗೆ ನಾಲ್ಕು ದಿನ ಉಳಿದಿರುವಾಗ ಮಧ್ಯಾಹ್ನದ ಭಿಕ್ಷೆಗೆ ಒಬ್ಬ ಜಂಗಮಯ್ಯ ಬಂದ. ಕಾಳವ್ವ ಅವನ ಜೋಳಿಗೆಗೆ ರೊಟ್ಟಿ ಹಾಕಿದಳು. ಜಂಗಮಯ್ಯ ಮೂಲೆಯಲ್ಲಿದ್ದ ಗಂಟೆಯನ್ನು ನೋಡಿ, ಬೆರಳಿನಿಂದ ತಟ್ಟಿ, ತಲೆಯಾಡಿಸಿದ.

“ಆಚಾರಿ, ನಿನ್ನ ಕೆಲಸದಾಗ ಏನೂ ತಪ್ಪಿಲ್ಲ. ಇದು ದಾರಿಹೋಕರ ಗಂಟಿ. ದಾರಿಹೋಕರ ಕೈ ತಾಗದ ಇದಕ್ಕ ದನಿ ಬರೂದಿಲ್ಲ. ಬಂಡಿಯೊಳಗ ಹೋಗಬಾರದು, ತಲಿ ಮ್ಯಾಲ ಹೋಗಬೇಕು.” ಆಮೇಲೆ ಅವನು ದನಿ ತಗ್ಗಿಸಿದ. “ಯುಗಾದಿಯ ಸೂರ್ಯ ಹುಟ್ಟೂದರೊಳಗ ಗಂಟಿ ಮೊಳಗಿದರ ಕಲ್ಲಾದವರು ಏಳತಾರ. ವರ್ಷ ತುಂಬಿತೋ, ಕಲ್ಲು ಕಲ್ಲಾಗೇ ಉಳೀತಾವ.”

“ನಾ ಹೊರತೀನಿ ಅಯ್ಯನವರ” ಎಂದಳು ಕಾಳವ್ವ.

ಮನೆಯವರೆಲ್ಲ ಅವಳ ಕಡೆ ತಿರುಗಿದರು. ಕಾಳವ್ವ ಕುಲುಮೆಯ ತಿದಿ ಒತ್ತಿ ಒತ್ತಿ ಗಟ್ಟಿಯಾದವಳೇ. ಆದರೆ ಪಕ್ಕದ ಮನೆಗೆ ಹೋಗಿ ಒಲೆಗೆ ಒಂದು ಕೆಂಡ ಕೇಳಲೂ ನಾಚುವವಳು.

ಜಂಗಮಯ್ಯ ನಕ್ಕ. “ಎಲ್ಲಿ ಬೇಕಾದರೂ ಇಳಿಸು ಮಗಳ. ನೀ ಒಬ್ಬಾಕಿನ ಮಾತ್ರ ಎತ್ತಬ್ಯಾಡ.”

ಮರುದಿನ ಬೆಳಗ್ಗೆ ಅವ್ವ ಹಳೆಯ ಸೀರೆಯ ತುಂಡನ್ನು ಹೊಸೆದು, ಸುತ್ತಿ, ಸಿಂಬಿ ಮಾಡಿ ಮಗಳ ನೆತ್ತಿಗಿಟ್ಟಳು. ಅಪ್ಪ ಅವ್ವ ಇಬ್ಬರೂ ಸೇರಿ ಗಂಟೆಯನ್ನು ಅದರ ಮೇಲೇರಿಸಿದರು. ‘ಹಾದಿಲಿಂಗಪ್ಪ, ನೀನೇ ಮುಂದ ನಡಿ, ನಾ ಹಿಂದ ಬರತೀನಿ’ ಎಂದು ಬೇಡಿಕೊಂಡು ಕಾಳವ್ವ ಹೊರಟಳು.

ಊರು ದಾಟಿ ಹರದಾರಿ ನಡೆದಿರಬೇಕು, ತಲೆಯ ಮೇಲೆ ರೆಕ್ಕೆಯ ಸದ್ದಾಯಿತು. ನೋಡಿದರೆ ಕಲ್ಲಿನ ಕಾಗೆ. ಮಾಂತ್ರಿಕನ ಕಾಗೆ. ಅದು ಗರಗಸದಂಥ ದನಿಯಲ್ಲಿ ಕೂಗಿತು:

“ನಿಲ್ಲಬೇಡ, ಇಳಿಸಬೇಡ,
ಯಾರ ಕಡೆಗೂ ನೋಡಬೇಡ!
ನಿಂತವ ಕಲ್ಲು, ಇಳಿಸಿದವ ಕಲ್ಲು,
ನಿನ್ನ ಅಣ್ಣನೂ ಕಲ್ಲು!”

ಕಾಳವ್ವ ಗಂಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಹೆಜ್ಜೆ ಜೋರು ಮಾಡಿದಳು. ಅಷ್ಟರಲ್ಲಿ ದಾರಿಯ ಬದಿಯಿಂದ ಒಂದು ದನಿ.

“ಯವ್ವಾ, ತಂಗೀ, ಒಂದೀಟು ಕೈ ಹಚ್ಚತೀಯೇನ?”

ಮೇದಾರ ಮುದುಕಿಯೊಬ್ಬಳು ಕೂತಿದ್ದಳು. ಪಕ್ಕದಲ್ಲಿ ಆಳೆತ್ತರದ ಹೊರೆ: ಮೊರ, ಬುಟ್ಟಿ, ತೊಟ್ಟಿಲು, ಕೋಳಿ ಮುಚ್ಚುವ ಪಂಜರ.

“ಮುಂಜಾನಿಂದ ಕುಂತೇನಿ. ಹನ್ನೆರಡು ಮಂದಿ ಹೋದರು. ಒಬ್ಬಾಂವ ಕುದುರಿ ಮ್ಯಾಲಿದ್ದ. ಅವಗ ನನ್ನ ದನಿ ಕೇಳಲಿಲ್ಲ, ಕುದುರಿ ಮಾತ್ರ ತಿರುಗಿ ನೋಡಿತು” ಎಂದಳು ಮುದುಕಿ.

“ಅಜ್ಜೀ, ನಾ ಇದನ್ನ ಇಳಿಸಿದರ ಮತ್ತ ಎತ್ತಾಕ ಆಗೂದಿಲ್ಲ.”

“ಅದನ್ನ ನನ್ನ ಮುಂದ ಹೇಳತೀಯಲ್ಲ! ಮುಂಜಾನಿಂದ ಇಲ್ಲಿ ನಾ ಏನು ಕಾಗಿ ಎಣಿಸಾಕ ಕುಂತೇನೇನ?”

ಕಾಳವ್ವನಿಗೆ ನಗು ಬಂತು. ನಗುತ್ತಲೇ ಮಂಡಿಯೂರಿ ಗಂಟೆಯನ್ನು ನೆಲಕ್ಕಿಳಿಸಿದಳು. ಹೊರೆಯ ಒಂದು ಬದಿ ತಾನು ಹಿಡಿದು, ಇನ್ನೊಂದು ಬದಿ ಮುದುಕಿ ಹಿಡಿದು, ‘ಹೂವಾಗಲಿ’ ಎಂದು ಎತ್ತಿ ತಲೆಗೇರಿಸಿದಳು. ‘ನಿಂದೂ ಹೂವಾಗಲಿ’ ಎಂದ ಮುದುಕಿ ಹೊರಡಲಿಲ್ಲ, ಅಲ್ಲೇ ನಿಂತಳು.

“ಎಲ್ಲಿ, ತಾ ನಿಂದು.”

“ಹೊತ್ತವರಿಗೆ ಬಗ್ಗಾಕ ಆಗತೈತೇನಜ್ಜಿ? ಇರಲಿ ಬಿಡು, ನಾನ ಹೆಂಗರ ಮಾಡತೀನಿ.”

“ಹೆಂಗರ ಮಾಡತಾಳಂತ! ಒಂದು ಕೈ ನನ್ನ ಬುಟ್ಟಿಗೆ, ಒಂದು ಕೈ ನಿನ್ನ ಗಂಟಿಗೆ. ಮ್ಯಾಲ ಈ ಮೊಣಕಾಲು ಐತಿ. ಅರವತ್ತು ವರ್ಷ ರೊಟ್ಟಿ ತಿಂದೈತಿ, ಇಷ್ಟಾದರೂ ಮಾಡಲಿ.”

ಮುದುಕಿಯದು ಒಂದೇ ಕೈ, ಒಂದೇ ಮೊಣಕಾಲು. ಆದರೂ ಗಂಟೆ ಸಲೀಸಾಗಿ ಮೇಲೆದ್ದು ಸಿಂಬಿಯ ಮೇಲೆ ಕೂತಿತು. ಕೂತದ್ದೇ ತಡ, ಅದರೊಳಗಿಂದ ಎಳೆಗೂಸಿನ ಕಾಲ್ಗೆಜ್ಜೆಯಂತೆ ‘ಕಿಣ್’ ಎಂದು ಸದ್ದಾಯಿತು. ಕಾಳವ್ವ ತಿರುಗಿ ನೋಡುವಷ್ಟರಲ್ಲಿ ಮುದುಕಿ ಬುಟ್ಟಿಗಳ ಗೋಪುರ ಹೊತ್ತು ಓಲಾಡುತ್ತ ದೂರ ಹೋಗಿದ್ದಳು.

ಎರಡನೆಯ ದಿನ ದಾರಿ ಕಾಡಿನೊಳಕ್ಕೆ ಹೊಕ್ಕಿತು. ಕಲ್ಲುಕಾಗೆ ಮತ್ತೆ ಬಂತು, ಮತ್ತೆ ಕೂಗಿತು:

“ನಿಲ್ಲಬೇಡ, ಇಳಿಸಬೇಡ,
ಯಾರ ಕಡೆಗೂ ನೋಡಬೇಡ!
ನಿಂತವ ಕಲ್ಲು, ಇಳಿಸಿದವ ಕಲ್ಲು,
ನಿನ್ನ ಅಣ್ಣನೂ ಕಲ್ಲು!”

ತಿರುವಿನಲ್ಲಿ ಒಂದು ಹೆಣ್ಣು ಕರಡಿ ದಾರಿಗೆ ಅಡ್ಡ ಕೂತಿತ್ತು. ಕಾಳವ್ವ ಒಂದು ಹೆಜ್ಜೆ ಹಿಂದಿಟ್ಟಳು.

“ಓಡಬ್ಯಾಡ ತಂಗಿ” ಎಂದಿತು ಕರಡಿ. “ಓಡಿದರ ನೀನೂ ಬೀಳತಿ, ಗಂಟೀನೂ ಬೀಳತೈತಿ. ನಾ ಒಬ್ಬಾಕಿ ಯಾರ್‌ಯಾರನ್ನ ಎತ್ತಲಿ? ಮೊದಲ ನನ್ನ ಮಗಾ ಏಳವಲ್ಲದು.”

ಕರಡಿಯ ಬೆನ್ನಿನ ಮೇಲೆ ಒಂದು ಮರಿ ಕೂದಲು ಹಿಡಿದು ಕೂತಿತ್ತು. ಇನ್ನೊಂದು ನೆಲದ ಮೇಲೆ ಮುದ್ದೆಯಾಗಿ ಬಿದ್ದುಕೊಂಡು ಅಳುತ್ತಿತ್ತು. ಬಂಡೆಯಿಂದ ಜಾರಿ ಅದರ ಕಾಲು ಉಳುಕಿತ್ತು.

“ನನ್ನ ಕೈ ನನ್ನ ಬೆನ್ನಿಗೆ ಮುಟ್ಟೂದಿಲ್ಲ. ಇದಕ್ಕ ಹತ್ತಾಕ ಬರೂದಿಲ್ಲ. ಬಾಯಾಗ ಹಿಡಿದರ ನೋವು ಅಂತ ಒದರತೈತಿ. ನಿನ್ನಿಯಿಂದ ಇಲ್ಲೇ ಅದೀವಿ. ಬಂದವರೆಲ್ಲ ನನ್ನ ನೋಡಿ ಮರ ಹತ್ತತಾರ. ಮರ ಹತ್ತಾಕ ನನಗೂ ಬರತೈತಿ ಅಂತ ಅವರಿಗೆ ಯಾರು ಹೇಳಬೇಕು!”

ಕಾಳವ್ವ ಕಣ್ಣು ಮುಚ್ಚಿ ದೇವರನ್ನು ನೆನೆದಳು. ಕಣ್ಣು ಬಿಟ್ಟಾಗ ಅವಳಿಗೆ ಕರಡಿ ಕಾಣಲಿಲ್ಲ, ಒಬ್ಬ ತಾಯಿ ಕಂಡಳು. ಗಂಟೆ ಇಳಿಸಿದಳು. ಸೆರಗಿನ ಅಂಚು ಹರಿದು ಮರಿಯ ಕಾಲಿಗೆ ಸುತ್ತಿದಳು. ಮೆಲ್ಲಗೆ ಎತ್ತಿ ತಾಯಿಯ ಬೆನ್ನಿಗೆ ಹತ್ತಿಸಿ ‘ಹೂವಾಗಲಿ’ ಎಂದಳು. ಮರಿ ಅವಳ ಜಡೆ ಹಿಡಿದದ್ದು ಬಿಡಲೊಲ್ಲದು.

“ಬಿಡೋ, ಅಕ್ಕಗ ಮುಂದ ಹೋಗೂದೈತಿ” ಎಂದು ಕರಡಿ ಗದರಿಸಿತು. ಆಮೇಲೆ ಮರಿಗಳೊಂದಿಗೇ ಹಿಂಗಾಲ ಮೇಲೆ ಎದ್ದು ನಿಂತು, ಎರಡೂ ಮುಂಗೈಗಳಿಂದ ಗಂಟೆಯನ್ನು ಎತ್ತಿ ಅವಳ ತಲೆಯ ಮೇಲಿಟ್ಟಿತು. “ನಿಂದೂ ಹೂವಾಗಲಿ. ಗಂಟಿ ಮ್ಯಾಲ ನನ್ನ ಉಗುರಿನ ಗೆರಿ ಬಿದ್ದಾವು, ನಿಮ್ಮಪ್ಪಗ ಸಿಟ್ಟು ಬರತೈತೋ ಏನೋ.”

ಗಂಟೆಯೊಳಗಿಂದ ದೂರದ ಮೊದಲ ಗುಡುಗಿನಂತೆ ‘ಗುಂ’ ಎಂದು ಸದ್ದಾಯಿತು. ಅದನ್ನು ಕೇಳಿ ಕಲ್ಲುಕಾಗೆ ಕೂತ ಕೊಂಬೆ ಬಿಟ್ಟು ಹಾರಿತು.

ಮೂರನೆಯ ದಿನ ಅಮಾವಾಸ್ಯೆ, ಮರುದಿನ ಯುಗಾದಿ. ಬಿಸಿಲು ಇಳಿಮುಖವಾಗುವ ಹೊತ್ತಿಗೆ ಕಾಳವ್ವ ಮುಗಿಲಕಣಿವೆಯನ್ನು ಏರಿದಳು. ಮೊಣಕಾಲುದ್ದ ಮಂಜು. ಅದರ ನಡುವೆ ಸಾಲು ಸಾಲಾಗಿ ಕಲ್ಲುಗಳು. ಹತ್ತಿರ ಹೋದರೆ ಕಲ್ಲುಗಳಲ್ಲ, ಮನುಷ್ಯರು. ಬಳೆಯ ಮಲಾರ ಮುಂದಿಟ್ಟುಕೊಂಡ ಬಳೆಗಾರ. ಕಂಬಳಿಯ ಗಂಟಿನವನು. ಹಾಗಲ ಬಳ್ಳಿಯ ಬೀಜದ ಬುಟ್ಟಿ ಇಳಿಸಿ ನಿಂತ, ತವರಿಗೆ ಹೊರಟಿದ್ದ ಹೆಂಗಸು. ಎಲ್ಲರ ಮುಖವೂ ದಾರಿಯ ಕಡೆಗೆ, ಯಾರಾದರೂ ಬಂದಾರೆಂದು.

ಕಲ್ಲುಕಾಗೆ ಗುಡಿಯ ಚಪ್ಪಡಿಯ ಮೇಲೆ ಕೂತು ಮೂರನೆಯ ಸಲ ಕೂಗಿತು:

“ನಿಲ್ಲಬೇಡ, ಇಳಿಸಬೇಡ,
ಯಾರ ಕಡೆಗೂ ನೋಡಬೇಡ!”

ಕಾಳವ್ವ ನೋಡಿದಳು. ಒಂದು ಕಲ್ಲಿನ ನೆತ್ತಿಯ ಮೇಲೆ ಕೆಂಪು ದಾರದಲ್ಲಿ ಹೊಲಿದ ಸಿಂಬಿಯಿತ್ತು. ಅದನ್ನು ಹೊಲಿದವಳು ಅವಳೇ. ಮಾನಪ್ಪ ತನ್ನ ಮೂಕಗಂಟೆಯ ಪಕ್ಕದಲ್ಲಿ, ಸೊಂಟಕ್ಕೆ ಕೈಯಿಟ್ಟು, ಯಾರ ಸಹಾಯವೂ ಬೇಡವೆಂಬ ಠೀವಿಯಲ್ಲೇ ಕಲ್ಲಾಗಿದ್ದ. ಅವನೊಬ್ಬನ ಮುಖ ಮಾತ್ರ ದಾರಿಯ ಕಡೆಗಿರಲಿಲ್ಲ. ಮಂಡಿಯವರೆಗೆ ಪಾಚಿ, ಹೆಗಲ ಮೇಲೆ ಹಕ್ಕಿಯ ಹಿಕ್ಕೆ.

“ಅಣ್ಣಾ!” ಎಂದು ಕಾಳವ್ವ ಗಂಟೆ ಇಳಿಸಿದಳು. ಸೆರಗಿನಿಂದ ಅವನ ಮುಖ ಒರೆಸಿದಳು, ಹೆಗಲು ಒರೆಸಿದಳು. ಒರೆಸಿ ಮುಗಿದ ಮೇಲೆ ಗಂಟೆಯನ್ನು ಎತ್ತಹೋದರೆ ಅದು ನೆಲಕ್ಕೆ ಬೇರು ಬಿಟ್ಟಂತಿತ್ತು. ಪಾದಗಳು ತಣ್ಣಗಾದವು. ನೋಡಿಕೊಂಡಳು: ಹೆಬ್ಬೆರಳು ಬೂದುಬಣ್ಣ.

ಇನ್ನೊಮ್ಮೆ ಎತ್ತಿದಳು. ಕಣಕಾಲು ಕಲ್ಲಾಯಿತು. ಮತ್ತೊಮ್ಮೆ ಎತ್ತಿದಳು. ಮೊಣಕಾಲು ಕಲ್ಲಾಯಿತು. ಆಗ ಜಂಗಮಯ್ಯನ ಮಾತು ನೆನಪಾಗಿ ಕೈಬಿಟ್ಟು ನಿಂತಳು. ದಾರಿಯ ಈ ತುದಿಯಲ್ಲಿ ಯಾರೂ ಇಲ್ಲ. ಆ ತುದಿಯಲ್ಲೂ ಯಾರೂ ಇಲ್ಲ.

ಅಷ್ಟರಲ್ಲಿ ಗವಿಯಿಂದ ಶಿಲಾಂಜನ ಹೊರಬಂದ. ಗಡ್ಡ ಸುಣ್ಣದ ಕಲ್ಲಿನಂತೆ, ಕಣ್ಣು ಬೆಣಚುಕಲ್ಲಿನಂತೆ. ಹೊಸ ಕಲ್ಲು ಹೇಗೆ ಬಂದಿದೆಯೆಂದು ನೋಡುವವನ ಹಾಗೆ ಅವಳ ಸುತ್ತ ಒಂದು ಸುತ್ತು ಬಂದ.

ಮುದುಕಿ ತಾನಾಗಿಯೇ ಕೈ ಕೊಟ್ಟಿದ್ದಳು, ಕರಡಿ ತಾನಾಗಿಯೇ ಎತ್ತಿ ಕೊಟ್ಟಿತ್ತು. ತಾನಾಗಿ ಯಾರನ್ನೂ ಏನನ್ನೂ ಕಾಳವ್ವ ಹುಟ್ಟಿದಾಗಿನಿಂದ ಕೇಳಿದವಳಲ್ಲ. ಸೊಂಟ ತಣ್ಣಗಾಗತೊಡಗಿತು. ಅವಳು ಅಣ್ಣನ ಮುಖ ನೋಡಿದಳು. ಗುಡಿಯ ಕಡೆ ನೋಡಿ ಮನಸ್ಸಿನಲ್ಲೇ ಕೈಮುಗಿದಳು. ಆಮೇಲೆ ಬಾಯಿ ಬಿಟ್ಟು ಅಂದಳು:

“ಯಪ್ಪಾ, ಒಂದು ಕೈ ಹಚ್ಚಿರಿ.”

ಮಾಂತ್ರಿಕ ನಿಂತುಬಿಟ್ಟ. “ಯಾರನ್ನ ಕೇಳಾಕತ್ತಿ, ಗೊತ್ತೈತೇನ?”

“ಗೊತ್ತೈತ್ರಿ. ಈ ಹೊತ್ತಿನ್ಯಾಗ ದಾರಿ ಮ್ಯಾಲ ನೀವೊಬ್ಬರ ಇದ್ದೀರಿ. ದಾರಿ ಮ್ಯಾಲ ಇದ್ದವರನ್ನ ಕೇಳಬೇಕು. ರೂಢಿ ಹಂಗೈತಿ.”

“ರೂಢಿ!” ಎಂದು ಅವನು ಕೂಗಿದ ರಭಸಕ್ಕೆ ಎರಡು ಬಂಡೆ ಸೀಳಿದವು. “ನನ್ನ ಮುಂದ ರೂಢಿ ಹೇಳತೀಯೇನ? ಐವತ್ತು ವರ್ಷದ ಹಿಂದ ಇದ ಜಾಗಾದಾಗ ಉಪ್ಪಿನ ಚೀಲ ಇಳಿಸಿ ನಾ ಕುಂತಿದ್ದೆ. ಮಳಿ ಬರಾಕತ್ತಿತ್ತು. ಮೂರು ಮಂದಿ ಹೋದರು. ಮೂವರನ್ನೂ ಕೈ ಮುಗಿದು ಕರೆದೆ. ಮಳಿ ಬರತೈತಿ ಅಂತ ಮೂವರೂ ಓಡಿದರು. ನನ್ನ ಉಪ್ಪು ನನ್ನ ಕಣ್ಣ ಮುಂದ ಕರಗಿ ಹಳ್ಳದಾಗ ಹರಿದುಹೋತು. ಅವತ್ತು ಗವಿ ಹೊಕ್ಕಾಂವ ನಾನು. ನನಗ ಯಾರೂ ಎತ್ತಲಿಲ್ಲ. ಇನ್ನ ಯಾರಿಗೂ ಯಾರೂ ಎತ್ತಬಾರದು!”

ಕಾಳವ್ವ ಕೇಳಿದಳು. ಅವಳ ಕಣ್ಣು ತುಂಬಿ ಬಂದವು. ತನ್ನ ಸೊಂಟ ಕಲ್ಲಾಗುತ್ತಿರುವುದು ಅವಳಿಗೆ ಒಂದು ಗಳಿಗೆ ಮರೆತೇ ಹೋಯಿತು.

“ಚೀಲ ಎಲ್ಲೈತಿ?”

“ಯಾವ ಚೀಲ?”

“ನಿಮ್ಮದು. ಉಪ್ಪಿಂದು.”

ಮಾಂತ್ರಿಕ ಬೆರಳು ತೋರಿಸಿದ. ಅವಳ ಪಕ್ಕದಲ್ಲೇ, ಕೈಗೆಟಕುವಷ್ಟು ದೂರದಲ್ಲಿ, ಬರಿದಾದ ಒಂದು ಗೋಣಿಚೀಲ ಬಿದ್ದಿತ್ತು. “ಬರೀ ಚೀಲ. ಗುಡ್ಡಾ ಕಿತ್ತು ಇಡಬಲ್ಲೆ ನಾನು, ಇದನ್ನ ಎತ್ತಾಕ ಆಗವಲ್ಲದು. ಐವತ್ತು ವರ್ಷ ಆತು.”

“ಒಬ್ಬರ ಎತ್ತಿದರ ಹೆಂಗ ಆಗತೈತ್ರಿ? ಬರ್‍ರಿ, ಮೊದಲ ನಿಮ್ಮದು. ಆ ಮೂಲಿ ನೀವು ಹಿಡೀರಿ, ಈ ಮೂಲಿ ನನಗ ಕೊಡ್ರಿ. ನನ್ನ ಕೈ ಇನ್ನೂ ಕಲ್ಲಾಗಿಲ್ಲ.”

ಮಾಂತ್ರಿಕ ಚೀಲದ ಕಡೆ ನೋಡಿದ, ಅವಳ ಕೈಯ ಕಡೆ ನೋಡಿದ. ಆಮೇಲೆ, ಯಾಕೆಂದು ತನಗೇ ತಿಳಿಯದವನ ಹಾಗೆ, ಬಗ್ಗಿ ಚೀಲದ ಮೂಲೆ ಹಿಡಿದ. ಕಾಳವ್ವ ಈ ಮೂಲೆ ಹಿಡಿದಳು. ಬರೀ ಚೀಲ ಬೆಟ್ಟದಷ್ಟು ಭಾರವಿತ್ತು. ಅವಳ ಹಣೆಯ ನರ ಉಬ್ಬಿತು. “ಹಾದಿಲಿಂಗಪ್ಪಾ” ಎಂದಳು. “ಹೂವಾಗಲಿ” ಎಂದಳು.

ಚೀಲ ಚೀಲದಷ್ಟೇ ಹಗುರಾಗಿ ಮೇಲೆದ್ದು ಅವನ ತಲೆಯ ಮೇಲೆ ಕೂತಿತು.

ಶಿಲಾಂಜನನ ಬಾಯಿ ತೆರೆಯಿತು. ಐವತ್ತು ವರ್ಷ ಒಂದು ಒಳ್ಳೆಯ ಮಾತನ್ನೂ ಆಡದ ನಾಲಿಗೆ ತೊದಲಿತು. “ನಿಂ... ನಿಂದೂ ಹೂವಾಗಲಿ ತಂಗಿ.” ಕಣ್ಣೀರು ಇಳಿದು ಮೀಸೆ ದಾಟಿ ತುಟಿಗೆ ಬಂತು. ಅವನು ಅದನ್ನು ನೆಕ್ಕಿ ಬೆರಗಾಗಿ ಹೇಳಿದ: “ಉಪ್ಪೈತಿ!”

“ಈಗ ನಂದ್ರೆಪ್ಪ” ಎಂದಳು ಕಾಳವ್ವ. “ಹೊತ್ತು ಮುಳುಗಾಕ ಬಂತು.”

ಅವನು ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದು ಕೈಯನ್ನು ಗಂಟೆಗೆ ಹಚ್ಚಿ, ಮೊಣಕಾಲು ಕೊಟ್ಟ. ಗಂಟೆ ಮೇಲೆದ್ದಿತು. ಅದು ಸಿಂಬಿಗೆ ತಾಗಿದ ಕೂಡಲೇ ಕಾಳವ್ವನ ಸೊಂಟದಿಂದ ಮಂಡಿಗೆ, ಮಂಡಿಯಿಂದ ಪಾದಕ್ಕೆ ಬಿಸಿ ರಕ್ತ ಇಳಿಯಿತು. ಅವಳು ನಡೆದಳು. ಗುಡಿಯಲ್ಲಿ ಇಬ್ಬರೂ ಸೇರಿ ಗಂಟೆಯನ್ನು ಕೊಂಡಿಗೆ ತೂಗುಹಾಕಿದರು. ಯಾರೂ ಬಾರಿಸಲಿಲ್ಲ. ಗಂಟೆ ತಾನೇ ಒಮ್ಮೆ ತೂಗಿತು.

ಏನು ದನಿಯದು! ಅದರಲ್ಲಿ ಕಾಲ್ಗೆಜ್ಜೆಯಿತ್ತು, ಗುಡುಗಿತ್ತು, ಅತ್ತು ಹಗುರಾದ ಮುದುಕನ ಉಸಿರಿತ್ತು. ಮಂಜು ಸೀಳಿತು. ಕಲ್ಲುಗಳು ಮೈಮುರಿದವು. ಬಳೆಗಾರ ಆಕಳಿಸಿದ. ಕಂಬಳಿಯವನು ಸೀನಿದ. ಕಲ್ಲುಕಾಗೆಗೆ ಕರಿಯ ಪುಕ್ಕ ಮೂಡಿ, ಅದು ನಾಚಿಕೊಂಡು, ಎಲ್ಲ ಕಾಗೆಗಳ ಹಾಗೆ ‘ಕಾ’ ಎಂದು ಹಾರಿಹೋಯಿತು.

ಮಾನಪ್ಪ ಕಣ್ಣುಜ್ಜಿಕೊಂಡ. “ಕಾಳೀ? ನೀ ಯಾಕ ಬಂದಿ? ನನಗ ಒಂದು ಗಳಿಗಿ ಜೋಂಪು ಹತ್ತಿತ್ತು, ಅಷ್ಟ.”

“ಹೌದಣ್ಣ, ಜೋಂಪ. ಆರು ತಿಂಗಳ ಜೋಂಪು. ಹೆಗಲ ಮ್ಯಾಲ ಹಕ್ಕಿ ಸಂಸಾರ ಹೂಡಿದ್ದವು.”

ಮಾನಪ್ಪ ತನ್ನ ಹೆಗಲು ಮುಟ್ಟಿ ನೋಡಿಕೊಂಡ. ತಂಗಿಯ ಹರಿದ ಸೆರಗು ನೋಡಿದ. ತಲೆಯ ಮೇಲೆ ಬರಿದಾದ ಚೀಲ ಹೊತ್ತು ನಿಂತ ಮುದುಕನನ್ನು ನೋಡಿದ. ಬಳಿಕ ನೆಲದ ಮೇಲಿದ್ದ ತನ್ನ ಮೂಕಗಂಟೆಯನ್ನು ನೋಡಿ, ಬಗ್ಗಲು ಹೋದವನು ನಿಂತ. ಕಿವಿ ಕೆಂಪಾಗಿ, ಯಾರ ಮುಖವನ್ನೂ ನೋಡದೆ, ಮೆಲ್ಲಗೆ ಅಂದ:

“ಯಾರರ ಒಂದು ಕೈ ಹಚ್ಚತೀರೇನ?”

ಬಳೆಗಾರ ಬಂದ, ಕಂಬಳಿಯವನು ಬಂದ, ತವರಿಗೆ ಹೊರಟವಳು ಬಂದಳು. ಅಷ್ಟು ಕೈ ತಾಗಿದ್ದಕ್ಕೆ ಆ ಗಂಟೆಗೂ ದನಿ ಬಂತು. ಅದನ್ನು ಕಣಿವೆಯ ಮೂಡಲ ಇಳಿಜಾರಿನಲ್ಲಿ ತೂಗುಹಾಕಿದರು. ಎರಡೂ ಕಡೆಯಿಂದ ಬರುವವರಿಗೆ ಕರೆ ಕೇಳಬೇಕಲ್ಲ.

“ನಿಮ್ಮ ಹೆಸರೇನ್ರಿ ಯಜಮಾನರ?” ಎಂದು ಕೇಳಿದಳು ಕಾಳವ್ವ ಹೊರಡುವಾಗ. ಮುದುಕ ಯೋಚಿಸಿದ. ಬಹಳ ದಿನದಿಂದ ಯಾರೂ ಕೇಳಿರಲಿಲ್ಲ. “ಬರಮಪ್ಪ” ಎಂದ. “ಉಪ್ಪಿನ ಬರಮಪ್ಪ.”

ಮರುದಿನ ಬೆಳಗಾಗುವಾಗ ಅಣ್ಣ ತಂಗಿ ತಪ್ಪಲಿನ ಹಳ್ಳಿಯೊಂದರಲ್ಲಿ ಬೇವು ಬೆಲ್ಲ ತಿನ್ನುತ್ತಿದ್ದರು. ಮೂರು ದಿನಕ್ಕೆ ಮನೆ ಸೇರಿದರು. ಮೌನಾಚಾರಿಯ ಕುಲುಮೆ ಮತ್ತೆ ಹೊತ್ತಿತು, ಅವ್ವನಿಗೆ ಹೊಸ ಕೊಡ ಬಂತು. ಕಾಳವ್ವ ಅಂದೇ ಪಕ್ಕದ ಮನೆಗೆ ಹೋಗಿ “ಅತ್ತೀ, ಒಲಿಗೆ ಒಂದು ಕೆಂಡ ಕೊಡ್ರಿ” ಎಂದು ಕೇಳಿ ತಂದಳು. ಬರಮಪ್ಪ ಗವಿಗೆ ಮರಳಲಿಲ್ಲ. ಗುಡಿಯ ಕಂಬಕ್ಕೊರಗಿ ಕೂತು, ಹೋಗುವವರ, ಬರುವವರ ಹೊರೆಗೆ ಕೈ ಹಚ್ಚುತ್ತ, ದೇವರ ಸೇವೆಯೆಂದು ಬಗೆದು, ಉಳಿದ ಆಯುಷ್ಯವನ್ನು ಅಲ್ಲೇ ಕಳೆದ. ಮಳೆಗಾಲದಲ್ಲಿ ಉಪ್ಪಿನವರು ಬಂದರೆ ಮಾತ್ರ ದೂರದಿಂದಲೇ ಎದ್ದು ಓಡಿಬರುತ್ತಿದ್ದನಂತೆ. ಆ ಕಾಡಿನಲ್ಲಿ ಕರಡಿಯ ಮರಿಯೊಂದು ದೊಡ್ಡದಾದ ಮೇಲೂ, ಜಡೆ ಹಾಕಿದ ಹೆಂಗಸರನ್ನು ಕಂಡರೆ ದಾರಿ ಬಿಟ್ಟು ಕೂರುತ್ತಿತ್ತು.

ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಈ ಕತೆಯೂ ಒಂದು ಹೊರೆಯೇ. ಇಷ್ಟು ದೂರ ಹೊತ್ತು ತಂದು ಇಲ್ಲಿ ಇಳಿಸಿದ್ದಾಯಿತು. ಕೇಳಿದವರು ಒಂದು ಕೈ ಹಚ್ಚಿ ಮುಂದಕ್ಕೆ ಒಯ್ಯಿರಿ. ಹೂವಾಗಲಿ.